ಸಾಸಿವೆಹಳ್ಳದ ಒಂದು ಚಿಪ್ಪು ನೀರು

“ಸಾಸಿವೆಹಳ್ಳ ಎಲ್ಲಿ ಬರ್ತದವಾ?” ಎಂದು ನಾನು ಎರಡನೆಯ ಸಲ ಕೇಳಿದಾಗ, ಆಡು ಕಾಯುತ್ತಿದ್ದ ಆ ಹೆಂಗಸು ಹೆಗಲ ಮೇಲಿನ ಕೋಲನ್ನು ಇಳಿಸಿ ನನ್ನನ್ನು ಕಾಲಿನಿಂದ ತಲೆಯವರೆಗೂ ನೋಡಿದಳು.

“ಹಳ್ಳದಾಗ ನಿಂತು ಹಳ್ಳ ಎಲ್ಲಿ ಅಂತೀರಲ್ಲ ಬಾಯಾರ! ನಿಮ್ಮ ಕಾಲಾಗ ಇರೂದು ಮತ್ತೇನು?”

ಕೆಳಗೆ ನೋಡಿದೆ. ಲಾರಿಯ ಗಾಲಿಗಳು ಉತ್ತ ಜಾಡು, ಆಳೆತ್ತರದ ಗುಂಡಿಗಳು, ಗುಂಡಿಯ ಗೋಡೆಯಿಂದ ಹೊರಗೆ ಚಾಚಿದ ಯಾವುದೋ ಮರದ ಒಣಬೇರು. ಉಸುಕನ್ನೆಲ್ಲ ತುಂಬಿಕೊಂಡು ಹೋದ ಮೇಲೆ ಉಳಿಯುವ ಕೆಂಪು ಮೊರಡು. ಇದು ಹಳ್ಳ ಎಂದು ಯಾರೂ ಹೇಳದೆ ತಿಳಿಯುವಂತಿರಲಿಲ್ಲ.

ದಾರಿ ಕೇಳುವುದು ನನ್ನ ಕಸುಬಿಗೇ ಅವಮಾನ. ನಲವತ್ತೊಂದು ಸಲ ಜನರನ್ನು ಕಟ್ಟಿಕೊಂಡು ಕಾಶಿಗೆ ಹೋಗಿ ಬಂದವಳು ನಾನು. ರಾಮೇಶ್ವರ, ಬದರಿ, ಪಶುಪತಿನಾಥ ಎಲ್ಲೆಲ್ಲಿಯೂ ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತದೆ, ಎಲ್ಲಿ ಬಿಸಿನೀರು ಸಿಗುತ್ತದೆ, ಯಾವ ಪಂಡಾ ಎಷ್ಟಕ್ಕೆ ಬಗ್ಗುತ್ತಾನೆ ಎಂಬುದೆಲ್ಲ ಬಾಯಿಪಾಠ. ಊರಲ್ಲಿ ನನ್ನನ್ನು ಯಾತ್ರಾ ಇಂದಕ್ಕ ಎಂದೇ ಕರೆಯುತ್ತಾರೆ. ಅಂಥವಳು ಮಲಪ್ರಭೆಗೆ ಸೇರುವ, ನಕ್ಷೆಯಲ್ಲಿ ಕೂದಲೆಳೆಯಷ್ಟೂ ಕಾಣದ ಒಂದು ಹಳ್ಳದಲ್ಲಿ ಬೆಳಗಿನಿಂದ ದಾರಿ ತಪ್ಪಿಸಿಕೊಂಡಿದ್ದೆ. ಜೀಪಿನವನು ಡಾಂಬರು ಮುಗಿದಲ್ಲಿಯೇ ಇಳಿಸಿ ಹೋಗಿದ್ದ. ಬಾಟಲಿಯಲ್ಲಿ ನೀರು ಮುಗಿದು ಎರಡು ತಾಸಾಗಿತ್ತು.

“ಒರತಿ ಅವ್ವಾರ ಕಡೆ ಹೋಗಬೇಕಾಗಿತ್ತು,” ಎಂದೆ.

“ಹಂಗನ್ರಿ ಮತ್ತ. ಹಿಂಗಽ ಹಳ್ಳ ಹಿಡದು ನಡೀರಿ. ಏಳು ಕಮಾನಿನ ಸೇತುವಿ ಬರ್ತೈತಿ. ತೆಳಗ ಹಾಯ್ರಿ, ಮ್ಯಾಲೆ ಹತ್ತಬ್ಯಾಡ್ರಿ, ಕೂತ ಕಾಗಿ ಭಾರಕ್ಕೂ ಅಳ್ಳಾಡತೈತಿ. ಎಡಕ್ಕ ಹುಡೇವು, ಬಲಕ್ಕ ಬರೆದ ಕಲ್ಲು. ಅಲ್ಲಿಂದ ಗುಡಿ ಕಾಣ್ತೈತಿ. ಅದರ ಮುಂದಿನ ಮಂಟಪದಾಗ ಅದಾರ.”

“ಮಾತಾಡ್ತಾರೇನು?”

“ಆಡ್ತಾರ. ನಿಮ್ಮಷ್ಟಲ್ಲ.” ಬೀರವ್ವ ಎಂಬ ಆ ಹೆಂಗಸು ನಕ್ಕಳು. “ಎಲ್ಲಿಂದ ಬಂದ್ರಿ?”

“ಮೊನ್ನೆಯಷ್ಟೇ ಕಾಶಿಯಿಂದ.”

“ಅಯ್ಯ! ದೇವರು ಅಲ್ಲಿ ಸಿಗಲಿಲ್ಲೇನು, ಇಲ್ಲೀ ತನಕ ಹುಡಿಕ್ಕೊಂಡು ಬಂದೀರಿ?”

ನಾನು ಮುಂದೆ ನಡೆದ ಮೇಲೆ ಹಿಂದಿನಿಂದ ಅವಳು ಇನ್ನೇನನ್ನೋ ಕೂಗಿ ಹೇಳಿದಳು. ತಿರುಗದೆ ಕೈಯೆತ್ತಿ ಬೀಸಿದೆ. ಊರಿಗೆಲ್ಲ ದಾರಿ ತೋರಿಸುವವರಿಗೆ ಇನ್ನೊಬ್ಬರ ಮಾತನ್ನು ಪೂರ್ತಿ ಕೇಳುವ ತಾಳ್ಮೆ ಇರುವುದಿಲ್ಲ.

ಪೂಜ್ಯ ಒರತೆಯವ್ವನವರ ಹೆಸರನ್ನು ನಾನು ಕೇಳಿದ್ದು ಮಣಿಕರ್ಣಿಕೆಯ ಮೆಟ್ಟಿಲ ಮೇಲೆ. ನನ್ನ ಗುಂಪಿನ ಮುದುಕರೊಬ್ಬರು ಸ್ನಾನಕ್ಕೆ ಇಳಿಯದೆ, ತುಂಬಿ ಹರಿಯುವ ಗಂಗೆಯನ್ನು ನೋಡುತ್ತ, “ಇಷ್ಟು ನೀರು ಕಂಡ್ರ ನಮ್ಮ ಅವ್ವಾರು ನೆನಪಾಗ್ತಾರ,” ಎಂದು ಕಣ್ಣೊರೆಸಿಕೊಂಡಿದ್ದರು. ಅವರಿಂದ ತಿಳಿದದ್ದಿಷ್ಟು. ಅವ್ವನವರು ಮೂವತ್ತೊಂದು ವರ್ಷದ ಹಿಂದೆ ಈ ಹಳ್ಳದ ದಂಡೆಗೆ ಬಂದರು. ಹಾಳು ಗುಡಿಯ ಮುಂದಿನ ಮಂಟಪದಲ್ಲಿ ನೆಲೆಸಿದರು. ಹಳ್ಳ ಬತ್ತಿದ ದಿನಗಳಲ್ಲಿ ಉಸುಕನ್ನು ಬಗೆದು ಒರತೆ ತೆಗೆದು, ಒಸರುವ ನೀರನ್ನು ದಾರಿಗರಿಗೆ ತೆಂಗಿನ ಚಿಪ್ಪಿನಲ್ಲಿ ಕೊಡುತ್ತಿದ್ದರು. ಇದೇ ಅವರ ಪೂಜೆ, ಇದೇ ಉಪದೇಶ. ಮಠ ಕಟ್ಟಲಿಲ್ಲ, ಪಾದ ಮುಟ್ಟಿಸಿಕೊಳ್ಳಲಿಲ್ಲ. ಅವರ ಮುಂದೆ ಸುಳ್ಳು ನಿಲ್ಲುವುದಿಲ್ಲ ಎಂದು ಮುದುಕರು ಹೇಳಿದ್ದರು. ಆ ಮಾತು ನನ್ನನ್ನು ಇಲ್ಲಿಯವರೆಗೆ ಎಳೆದು ತಂದಿತ್ತು.

ಸೇತುವೆ ಬಂತು. ಸುಲ್ತಾನರ ಕಾಲದ್ದಂತೆ. ಏಳು ಕಮಾನುಗಳ ಕೆಳಗೆ ಏಳು ನೆರಳುಗಳು ಬಿಟ್ಟರೆ ಹರಿಯುವುದು ಏನೂ ಇರಲಿಲ್ಲ. ಎಡಕ್ಕೆ, ಹಿಂದೊಮ್ಮೆ ದಂಡು ಬರುವುದನ್ನು ಕಾಯುತ್ತಿದ್ದ ಮಣ್ಣಿನ ಬುರುಜು, ಆ ಹುಡೇವು, ಅರ್ಧ ಕರಗಿ ನಿಂತಿತ್ತು. ಬಲಕ್ಕೆ ಎದೆಯೆತ್ತರದ ಶಾಸನ. ಅದರ ನೆತ್ತಿಯ ಮೇಲೆ ತಲೆಮಾರುಗಳ ಕುಡುಗೋಲು ಮಸೆದ ಗೀರುಗಳು. ಹಳೆಯ ಲಿಪಿ ನನಗೆ ಬಾರದು. ಆದರೆ ಯಾರೋ ಪುಣ್ಯಾತ್ಮರು ಪಕ್ಕದ ಬಂಡೆಯ ಮೇಲೆ ಸುಣ್ಣದಲ್ಲಿ ಅದರ ಅರ್ಥವನ್ನು ಬರೆದಿದ್ದರು. ಒಬ್ಬ ಸಾಮಂತನ ಹೆಂಡತಿ ಇಲ್ಲಿ ದಾರಿಗರಿಗಾಗಿ ಅರವಟ್ಟಿಗೆ ಇಡಿಸಿದಳು. ಈ ನೀರನ್ನು ನಡೆಸಿದವರಿಗೆ ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸುಗಳನ್ನು ದಾನ ಕೊಟ್ಟ ಫಲ. ಕೆಡಿಸಿದವರಿಗೆ ವಾರಣಾಸಿಯಲ್ಲಿ ಅಷ್ಟೇ ಹಸುಗಳನ್ನು ಕೊಂದ ಪಾಪ.

ವಾರಣಾಸಿ! ಅಷ್ಟು ದೂರ ಬಂದರೂ ಆ ಊರು ನನ್ನ ಬೆನ್ನು ಬಿಡಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಯಾತ್ರೆಯಲ್ಲಿ, ಪ್ರಯಾಗದ ಆಚೆ ಬಸ್ಸು ಕೆಟ್ಟು, ಗಂಗೆಯ ಗಿಂಡಿಗಳನ್ನೆಲ್ಲ ತುಂಬಿಸುವಷ್ಟು ಹೊತ್ತು ಉಳಿಯಲಿಲ್ಲ. ಬೆರಳುದ್ದದ ತಾಮ್ರದ ಗಿಂಡಿ, ಒಳಗೆ ಗಂಗೆ, ಬಾಯಿಗೆ ಬೆಸುಗೆ. ನಮ್ಮ ಕಡೆ ದೇವರ ಮನೆಯಲ್ಲಿಟ್ಟು, ಜೀವ ಹೋಗುವವರ ಬಾಯಿಗೆ ಬಿಡಲೆಂದೇ ಕಾಪಾಡುವ ನೀರು ಅದು. ಹತ್ತೊಂಬತ್ತು ಗಿಂಡಿಗಳು ಬರಿದಾಗಿದ್ದವು. ದಾರಿಯ ಯಾವುದೋ ಸ್ಟೇಷನ್ನಿನ ನಲ್ಲಿಯಲ್ಲಿ ಹಿಡಿದೆ. ಹೊರಗೆ ಕುಳಿತಿದ್ದ ಬೆಸುಗೆಯವನಿಂದ ಮುಚ್ಚಿಸಿದೆ. ದುಡ್ಡು ಕೊಟ್ಟವರಿಗೆ ನಿಜವಾದದ್ದೇ ಹೋಗಲಿ ಎನ್ನುವಷ್ಟು ಪ್ರಾಮಾಣಿಕತೆ ಆಗಲೂ ನನ್ನಲ್ಲಿತ್ತು. ನಲ್ಲಿಯವನ್ನು ಪುಕ್ಕಟೆ ಕಾಣಿಕೆಯಾಗಿ ಬಂಧುಬಳಗಕ್ಕೆ ಹಂಚಿದೆ. ಮುಂದಿನ ವರ್ಷ ಬದಲಿಸಿದರಾಯಿತು ಎಂದುಕೊಂಡೆ. ಮುಂದಿನ ವರ್ಷಗಳು ಬಂದವು, ಹೋದವು.

ಎರಡು ವರ್ಷದ ಹಿಂದೆ ಅಣ್ಣನ ಮನೆಯಲ್ಲಿ ನನ್ನ ಹೆತ್ತವ್ವ ಕೊನೆಯುಸಿರಿನಲ್ಲಿದ್ದಳು. ಅಣ್ಣ ದೇವರ ಮನೆಯಿಂದ ಗಿಂಡಿ ತಂದು ನನ್ನ ಕೈಗಿಟ್ಟ. ದಪ್ಪನೆಯ ಕಪ್ಪು ಬೆಸುಗೆ. ಕಾಶಿಯ ಬೆಸುಗೆ ಹಾಗಿರುವುದಿಲ್ಲ, ಬೆಳ್ಳಗೆ ಸಣ್ಣಗಿರುತ್ತದೆ. ಸುತ್ತ ಬೀಗರು, ನೆರೆಯವರು, ವಿಷ್ಣುಸಹಸ್ರನಾಮ. ನಾನು ಮೊಳೆಯಿಂದ ಮುಚ್ಚಳ ತೂತು ಮಾಡಿದೆ. ಅವ್ವ ಕಣ್ಣು ತೆರೆದು, “ಎಲ್ಲಿ ನೀರದು?” ಎಂದಳು.

“ಕಾಶೀದವ್ವಾ,” ಎಂದೆ.

“ನನ್ನ ಮಗಳು ಗಂಗಿನ್ನ ತಂದಳು,” ಎಂದು ಕುಡಿದಳು. ಅದೇ ಅವಳ ಕೊನೆಯ ಮಾತು.

ಅಂದಿನಿಂದ ನಾನು ಊಟದಲ್ಲಿ, ನಿದ್ದೆಯಲ್ಲಿ, ಬಸ್ಸಿನ ಮೈಕಿನಲ್ಲಿ ಕ್ಷೇತ್ರಮಹಿಮೆ ಹೇಳುವಾಗ ಒಂದೇ ಪ್ರಶ್ನೆ ಹೊತ್ತು ತಿರುಗಿದೆ. ಅವ್ವನಿಗೆ ಗತಿ ಸಿಕ್ಕಿತೇ? ಪ್ರಾಯಶ್ಚಿತ್ತ ಕೇಳಿದಲ್ಲೆಲ್ಲ ಯಾವುದಾದರೂ ಶಾಂತಿಯ ಹೆಸರು, ಸಾಮಗ್ರಿಯ ಪಟ್ಟಿ ಸಿಕ್ಕಿತು. ಮಾಡಿಸಿದೆ. ಏನೂ ಇಳಿಯಲಿಲ್ಲ. ಈಗ ಚೀಲದಲ್ಲಿ ಬೆಳ್ಳನೆಯ ಬೆಸುಗೆಯ ನಿಜವಾದ ಗಂಗೆಯ ಗಿಂಡಿಯೊಂದನ್ನು ಇಟ್ಟುಕೊಂಡು ಬಂದಿದ್ದೆ. ಅವ್ವನವರ ಪಾದದ ಬಳಿ ಇಟ್ಟು ಕೇಳುವುದು ಎಂದು. ಕಾಣಿಕೆಯಿಲ್ಲದೆ ಪ್ರಶ್ನೆ ಕೇಳುವ ಅಭ್ಯಾಸ ನನಗಿರಲಿಲ್ಲ.

ಗುಡಿಯ ಕೆಳಗೆ, ಹಳ್ಳದಲ್ಲಿ, ಲಾರಿಗಳು ಬಿಟ್ಟ ಅಂಗಳದಷ್ಟು ಉಸುಕು ಉಳಿದಿತ್ತು. ನಡುವೆ ಒರತೆ. ತಳದಲ್ಲಿ ತಿಳಿಯಾದ ನೀರು, ಹೆಚ್ಚೆಂದರೆ ಒಂದು ತಂಬಿಗೆ. ಅಂಚಿನಲ್ಲಿ ತೆಂಗಿನ ಚಿಪ್ಪು. ಸುತ್ತ ಯಾರೂ ಇರಲಿಲ್ಲ. ಮಂಡಿಯೂರಿ ಕುಡಿದೆ, ಚಿಪ್ಪಿನ ಮೇಲೆ ಚಿಪ್ಪು. ಅಂಥ ಸಿಹಿ ನೀರನ್ನು ಗಂಗೋತ್ರಿಯಲ್ಲೂ ಕುಡಿದಿಲ್ಲ. ಉಳಿದದ್ದರಲ್ಲಿ ಮುಖ ತೊಳೆದೆ, ಕಾಲಿನ ಧೂಳು ತೊಳೆದುಕೊಂಡೆ. ಮಹಾತ್ಮರ ದರ್ಶನಕ್ಕೆ ಕೊಳೆಗಾಲಿನಲ್ಲಿ ಹೋಗಬಾರದಲ್ಲ!

“ಎಲ್ಲಾ ಮುಗಿಸಿದೇನಬೇ!”

ಆಡುಗಳ ಹಿಂದೆ ಬೀರವ್ವ ದಂಡೆಯ ಮೇಲೆ ನಿಂತಿದ್ದಳು. ಮರ್ಯಾದೆಯ ‘ಬಾಯಾರ’ ಹೋಗಿ ‘ಏನಬೇ’ ಆಗಿದ್ದೆ.

“ಕುಡದದ್ದಲ್ಲದ ಕಾಲೂ ತೊಳಕೊಂಡಿ! ಕೂಗಿ ಕೂಗಿ ಹೇಳಿನಲ್ಲ, ಕುಡದ್ರ ಒಂದು ಚಿಪ್ಪು ಬಿಡಬೇಕು, ಮೂರು ಬೊಗಸಿ ಉಸುಕು ತಗದು ಹೋಗಬೇಕು, ಹಿಂದ ಬರಾವರಿಗೆ ಅಂತ. ಯಾರಪ್ಪನ ನಳ ಅಂತ ಮಾಡಿದ್ದಿ? ಲಾರಿ ಬಂದಾಗಿಂದ ದಿನಕ್ಕ ಒಂದು ತಂಬಿಗಿ ನೀರು ಬಂದ್ರ ಹೆಚ್ಚು. ಬಂದವರು ಕುಡದು ಉಳದ್ರಽ ಅವ್ವಾರು ಒಂದು ಚಿಪ್ಪು ಕುಡಿಯೂದು. ನಿನ್ನೆ ಮೂರು ಮಂದಿ ಬಂದಿದ್ರು, ಅವ್ವಾರಿಗೆ ಹನಿ ಉಳೀಲಿಲ್ಲ. ಇವತ್ತ ನೀ ಬಂದಿ!”

“ಊರಿಂದ ತಂದು ಕೊಡಬಹುದಲ್ಲ...”

“ಮುಟ್ಟೂದಿಲ್ಲ. ಹಳ್ಳದ ದಂಡಿಗೆ ಕುಂತು ಬ್ಯಾರೆ ನೀರು ಯಾಕ ಅಂತಾರ. ಹಳ್ಳ ಕೊಟ್ಟಷ್ಟು.”

ತಲೆಯೆತ್ತಿದರೆ ಮಂಟಪದ ಕಂಬಕ್ಕೆ ಒರಗಿ ಅವ್ವನವರು ಕುಳಿತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ! ನಾನು ಕಾಲು ತೊಳೆಯುವಾಗಲೂ ಬೇಡವೆನ್ನಲಿಲ್ಲ.

ಪುಟ್ಟ ದೇಹ. ಉಸುಕಿನದೇ ಬಣ್ಣದ ಒರಟು ಸೀರೆ. ಒಡೆದ ತುಟಿಗಳು. ಬೆರಳುಗಳಲ್ಲಿ ಉಗುರೆಂಬುದೇ ಇರಲಿಲ್ಲ. ಮೂವತ್ತೊಂದು ವರ್ಷದ ಉಸುಕು ಅವನ್ನು ತಿಂದುಹಾಕಿತ್ತು. ನಾನು ಓಡಿ ಹತ್ತಿ, ನಮಸ್ಕಾರ ಮಾಡುವುದನ್ನೂ ಮರೆತು, ಚೀಲದಿಂದ ಗಿಂಡಿ ತೆಗೆದು ಹಿಡಿದೆ.

“ಇದನ್ನರೆ ತಗೋರಿ ಅವ್ವಾರ. ಈಗ ಮುಚ್ಚಳ ಒಡೀತೀನಿ.”

ಅವ್ವನವರು ಗಿಂಡಿಯನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿದರು.

“ಎಲ್ಲಿ ನೀರದು?” ಎಂದು ಕೇಳಿದರು.

ಅದೇ ಮಾತು. ಅದೇ ಒಣಗಿದ ದನಿ. ಈ ಸಲ ನನ್ನ ಕೈಯಲ್ಲಿದ್ದದ್ದು ನಿಜವಾದ ಕಾಶಿಯ ನೀರು. ‘ಕಾಶೀದು’ ಎಂದರೆ ಸುಳ್ಳಾಗುತ್ತಿರಲಿಲ್ಲ. ಆದರೂ ಹಾಗೆನ್ನಲಿಲ್ಲ. ಅವರ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಸ್ಟೇಷನ್ನು, ನಲ್ಲಿ, ಕಪ್ಪು ಬೆಸುಗೆ, ಅವ್ವನ ಬಾಯಿ. ಬೀರವ್ವ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು.

“ನಮ್ಮವ್ವಗ ಗತಿ ಸಿಕ್ಕಿತೇನ್ರಿ ಅವ್ವಾರ?”

ಅವ್ವನವರು ಒಣಹಳ್ಳದ ಕಡೆ ನೋಡಿದರು.

“ನನಗ ಗೊತ್ತಿಲ್ಲ ಮಗಳ,” ಎಂದರು.

ಇಷ್ಟು ವರ್ಷಗಳ ತಿರುಗಾಟದಲ್ಲಿ ಎಷ್ಟೋ ಸ್ವಾಮಿಗಳನ್ನು, ಬಾಬಾಗಳನ್ನು ಕಂಡಿದ್ದೇನೆ. ಗೊತ್ತಿಲ್ಲ ಎಂದವರು ಇವರೊಬ್ಬರೇ. ನನ್ನೊಳಗೆ ಉಳಿದಿದ್ದ ಕೊನೆಯ ಆಸರೆಯೂ ಕಳಚಿ ಬಿತ್ತು. ಇನ್ನು ಹೋಗಿ ಕೇಳುವುದಕ್ಕೆ ಭೂಮಿಯ ಮೇಲೆ ಜಾಗವಿರಲಿಲ್ಲ. ನಾನು ಅತ್ತೆ. ಅವ್ವನವರು ಸಮಾಧಾನ ಹೇಳಲಿಲ್ಲ. ಅಳು ತಾನಾಗಿ ನಿಂತ ಮೇಲೆ ಅಪ್ಪಣೆ ಕೊಡಿಸಿದರು:

“ನೀರು ಸುಳ್ಳು ಹೇಳಿಲ್ಲ. ನೀ ಹೇಳಿದಿ.”

ಆಮೇಲೆ ಗಿಂಡಿಯತ್ತ ಕೈ ಮಾಡಿ, “ಅದನ್ನ ಇಡು. ನೀ ಕುಡದದ್ದು ಇಲ್ಲೀದು. ಇಲ್ಲೀದಽ ಕೊಡು,” ಎಂದು ಕಣ್ಣು ಮುಚ್ಚಿದರು.

ಗಿಂಡಿಯನ್ನು ಮತ್ತೆ ಚೀಲದಲ್ಲಿಟ್ಟುಕೊಂಡು ಒರತೆಗೆ ಇಳಿದೆ. ಬಗೆಯುವುದು ಹೇಗೆಂದು ಬೀರವ್ವ ತೋರಿಸಿದಳು. ಅಂಚು ಕುಸಿಯದಂತೆ ಸುತ್ತಲಿನಿಂದ ಉಸುಕು ಎಳೆಯಬೇಕು, ನಡುವೆ ಕೈ ಹಾಕಿ ಕದಡಬಾರದು. “ಕಾಶೀಗೆ ಹೋಗೂದಕ್ಕಿಂತ ಇದು ಕಷ್ಟ ಐತಿ ನೋಡು,” ಎಂದಳು. ಈಗ ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಹೊತ್ತು ಇಳಿಯುವುದರೊಳಗೆ ಮನೆ ಸೇರಬೇಕೆಂದು ಆಡು ಹೊಡೆದುಕೊಂಡು ಹೋದಳು.

ಬಗೆದೆ. ಮೊಣಕೈಯಷ್ಟು ಆಳ, ತೋಳಿನಷ್ಟು ಆಳ. ಉಸುಕು ಒಣಗಿಯೇ ಇತ್ತು. ದೂರದಲ್ಲಿ ಲಾರಿಯೊಂದು ಏರು ಹತ್ತುವ ನರಳಾಟ ಕೇಳುತ್ತಿತ್ತು. ಅದು ಹೊತ್ತೊಯ್ಯುವ ಒಂದೊಂದು ಹೇರಿನಲ್ಲಿ ಎಷ್ಟು ಒರತೆಗಳಿದ್ದವೋ! ಉಗುರಿನ ಸಂದಿಯಲ್ಲಿ ನೆತ್ತರು ಬಂತು. ಮೇಲೆ ಮಂಟಪದಲ್ಲಿ ಅವ್ವನವರ ಒಣಕೆಮ್ಮು. ಎರಡು ದಿನದಿಂದ ಹನಿ ನೀರಿಲ್ಲದ ಎಂಬತ್ತರ ಜೀವ. ಒಬ್ಬ ತಾಯಿಯ ಬಾಯಿಗೆ ಸುಳ್ಳು ನೀರು ಬಿಟ್ಟೆ, ಇನ್ನೊಬ್ಬ ತಾಯಿಯ ಬಾಯಿಂದ ನಿಜವಾದ ನೀರನ್ನೇ ಕಸಿದುಕೊಂಡೆ. ಈ ಹಳ್ಳ ಇಂದು ನೀರು ಕೊಡುವುದಿಲ್ಲ, ಇನ್ನೆಂದೂ ಕೊಡುವುದಿಲ್ಲ ಎನಿಸಿತು.

ಆಗ ಚೀಲದಲ್ಲಿದ್ದ ಗಿಂಡಿಯ ನೆನಪಾಯಿತು.

ಅವ್ವನವರ ಕಣ್ಣು ಮುಚ್ಚಿತ್ತು. ಗಿಂಡಿ ಒಡೆದು ಒರತೆಗೆ ಸುರಿದು, ತಕ್ಷಣ ಚಿಪ್ಪಿನಲ್ಲಿ ಮೊಗೆದರೆ? ನಲ್ಲಿಯ ನೀರಿಗೆ ಕಾಶಿಯ ಹೆಸರಿಟ್ಟವಳಿಗೆ ಕಾಶಿಯ ನೀರಿಗೆ ಹಳ್ಳದ ಹೆಸರಿಡುವುದು ಎಷ್ಟರ ಮಾತು? ಇದರಲ್ಲಿ ಪಾಪವೇನು ಬಂತು? ಕೊಡುವುದು ಗಂಗೆಯನ್ನೇ ಅಲ್ಲವೇ! ಒಂದು ಜೀವ ಉಳಿಯುತ್ತದೆ. ಹರಿತವಾದ ಕಲ್ಲೊಂದನ್ನು ಹುಡುಕಿಕೊಂಡು, ಗಿಂಡಿಯನ್ನು ತೊಡೆಯ ಮೇಲಿಟ್ಟು, ಬೆಸುಗೆಯ ಮೇಲೆ ಒಂದು ಪೆಟ್ಟು ಹಾಕಿದೆ. ಮುಚ್ಚಳ ತಗ್ಗಾಯಿತು, ಒಡೆಯಲಿಲ್ಲ.

ಎರಡನೆಯ ಪೆಟ್ಟಿಗೆ ಕೈಯೆತ್ತಿದವಳು ಹಾಗೆಯೇ ತಡೆದೆ. ಚಿಪ್ಪನ್ನು ತುಟಿಗೆ ಹಿಡಿದಾಗ ಅವರು ಕೇಳಿಯೇ ಕೇಳುತ್ತಾರೆ. ಆಗ ನಾನೇನು ಹೇಳಲಿ?

ಗಿಂಡಿಯನ್ನು ಚೀಲಕ್ಕೆ ಹಾಕಿ ಬಾಯಿ ಬಿಗಿದೆ. ಮತ್ತೆ ಬಗೆಯತೊಡಗಿದೆ. ನೀರು ಬರುತ್ತದೆಂಬ ನಂಬಿಕೆಯಿಂದಲ್ಲ. ಮಾಡಲು ಇನ್ನಾವ ಪ್ರಾಮಾಣಿಕ ಕೆಲಸವೂ ನನಗೆ ಉಳಿದಿರಲಿಲ್ಲ.

ಬಿಸಿಲು ಗುಡಿಯ ಮುರಿದ ಶಿಖರಕ್ಕೆ ಏರಿದಾಗ ಬೆರಳ ತುದಿಗೆ ತಂಪು ತಾಗಿತು. ಉಸುಕು ಮೊದಲು ಕಪ್ಪಾಯಿತು, ಆಮೇಲೆ ಮಿನುಗಿತು. ಒಂದು ಕಡೆಯಿಂದ ದಾರದಷ್ಟು ಸಣ್ಣಗೆ, ಇಲ್ಲವೇನೋ ಎನ್ನುವಷ್ಟು ಸಣ್ಣಗೆ ಒಸರತೊಡಗಿತು. ಕದಡು ತಿಳಿಯಾಗುವವರೆಗೆ ಕಾದೆ. ಚಿಪ್ಪು ತುಂಬುವಷ್ಟಾಯಿತು. ಅದಕ್ಕಿಂತ ಹೆಚ್ಚಿಲ್ಲ.

ಭಕ್ತರು ಕೇಳಬಹುದು, ಆಮೇಲೆ ಹಳ್ಳ ತುಂಬಿ ಹರಿಯಿತೇ ಎಂದು. ಇಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಅವ್ವನವರು ದೇಹ ಬಿಟ್ಟರು. ಅವರನ್ನು ಮಂಟಪದ ಪಕ್ಕದಲ್ಲೇ ಮಣ್ಣು ಮಾಡಿದರು. ಉಳಿದಿದ್ದ ಅಂಗಳದಷ್ಟು ಉಸುಕನ್ನೂ ಲಾರಿಗಳು ಒಯ್ದವು. ಈಗ ಅಲ್ಲಿ ಕೊರಕಲಿದೆ, ಬರೆದ ಕಲ್ಲಿದೆ, ಸಾವಿರ ಹಸುಗಳ ಶಾಪವನ್ನು ಓದುವವರಿಲ್ಲ. ನಾನು ಯಾತ್ರೆ ನಡೆಸುವುದನ್ನು ನಿಲ್ಲಿಸಿದೆ. ಉಳಿದ ಹದಿನೆಂಟು ಮನೆಗಳಿಗೂ ಹೋಗಿ, ನಿಮ್ಮ ದೇವರ ಮನೆಯಲ್ಲಿರುವುದು ನಲ್ಲಿಯ ನೀರು ಎಂದು ಹೇಳಿ ಬಂದೆ. ಐದು ಮನೆಗಳಲ್ಲಿ ಗಿಂಡಿ ಆಗಲೇ ಒಡೆದಿತ್ತು, ಕುಡಿದವರು ಹೋಗಿಬಿಟ್ಟಿದ್ದರು. ಒಬ್ಬಾಕೆ ನನ್ನ ಮೈಮೇಲೆ ಉಗುಳಿದಳು. ಅಣ್ಣ ಅಂದಿನಿಂದ ನನ್ನೊಡನೆ ಮಾತಾಡಿಲ್ಲ. ನನ್ನ ಹೆತ್ತವ್ವನಿಗೆ ಗತಿ ಸಿಕ್ಕಿತೇ ಎಂಬುದು ನನಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಲು ಬರುತ್ತದೆ, ಅಷ್ಟೇ. ಮುಚ್ಚಳ ತಗ್ಗಾದ ಗಿಂಡಿ ಇನ್ನೂ ನನ್ನ ಬಳಿ ಇದೆ, ಒಡೆದಿಲ್ಲ.

ಅಂದು ಸಂಜೆ ಮಾತ್ರ, ಎರಡೂ ಕೈಯಲ್ಲಿ ಆ ಚಿಪ್ಪು ಹಿಡಿದು, ಒಂದು ಹನಿ ಚೆಲ್ಲದಂತೆ ಮಂಟಪದ ಮೆಟ್ಟಿಲು ಹತ್ತಿದೆ. ಮಂಡಿಯೂರಿ ಅವ್ವನವರ ತುಟಿಯ ಬಳಿ ಹಿಡಿದೆ. ಅವರು ಕಣ್ಣು ತೆರೆದರು. ಕುಡಿಯಲಿಲ್ಲ.

“ಎಲ್ಲಿ ನೀರದು?”

“ಸಾಸಿವೆಹಳ್ಳದ್ದು, ಅವ್ವಾರ.”

ಅವ್ವನವರು ಕುಡಿದರು. ನಿಧಾನವಾಗಿ, ಕೊನೆಯ ಹನಿಯವರೆಗೆ. ಗಂಟಲು ಏರಿಳಿಯುವುದನ್ನು ನಾನು ನೋಡುತ್ತಿದ್ದೆ. ಚಿಪ್ಪನ್ನು ನನ್ನ ಕೈಗೆ ಕೊಟ್ಟು, ಹಳ್ಳದ ಕಡೆ ಗದ್ದ ಚಾಚಿ, ಅಂದಿನ ಕೊನೆಯ ಮಾತನ್ನು ಹೇಳಿದರು:

“ಇದು ನನ್ನ ಪಾಲಿಂದಾತು. ನೀ ಕುಡದದ್ದರ ಮೂರು ಬೊಗಸಿ ಇನ್ನಾ ಉಳಿದಾವ.”

ಇಳಿದು ಹೋದೆ. ಒರತೆಯ ಅಂಚಿನಲ್ಲಿ ಕುಳಿತು, ಹಿಂದೆ ಬರುವವರಿಗಾಗಿ ಮೂರು ಬೊಗಸೆ ಉಸುಕು ತೆಗೆದು ದಂಡೆಗೆ ಹಾಕಿದೆ.